ದಾಕ್ಷಾಯಿಣಿ ಖರೆ ಎಂದರೆ ಖರೆ

ದಾಕ್ಷಾಯಿಣಿಗೆ ಸನ್ಮಾನ ಮಾಡುತ್ತಾರಂತೆ. ಮಾಡಲಿ. ಶಾಲು ಹೊದಿಸಲಿ, ಹಣ್ಣಿನ ಬುಟ್ಟಿ ಕೊಡಲಿ, ನನಗೇನು? ಆದರೆ ಸ್ಮರಣ ಸಂಚಿಕೆಗೆ ಅವಳ ವ್ಯಕ್ತಿಚಿತ್ರವನ್ನು ನಾನೇ ಬರೆಯಬೇಕಂತೆ. ಸಂಚಿಕೆಯ ಸಂಪಾದಕ ಶಶಾಂಕ ಫೋನು ಮಾಡಿ, "ಶಾಂತಾರಾಮಣ್ಣ, ದಾಕ್ಷಾಯಿಣಿನ ನಿಂಗಳಷ್ಟು ಹತ್ರದಿಂದ ನೋಡಿದವು ಬೇರೆ ಯಾರೂ ಇಲ್ಲೆ" ಎಂದ. ಹತ್ತಿರದಿಂದ ನೋಡಿದ್ದು ಹೌದು. ಹೊಟ್ಟೆಕಿಚ್ಚಿನವನು ನೋಡುವಷ್ಟು ಹತ್ತಿರದಿಂದ ಇನ್ಯಾರೂ ನೋಡುವುದಿಲ್ಲ. ಇದನ್ನು ಶಶಾಂಕನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಮೊದಲು ಅವಳ ವಿಚಾರ. ಶಿರಸಿಯ ಹಳೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಝೆರಾಕ್ಸ್ ಅಂಗಡಿ. ವಯಸ್ಸು ನಲವತ್ತು ದಾಟಿದೆ. ಬನವಾಸಿ ಕಡೆಯವರು. ಅವಳ ಅಪ್ಪ ಅಂದಾನಪ್ಪ ಅದೇ ಜಾಗದಲ್ಲಿ ಸ್ಟುಡಿಯೋ ಇಟ್ಟಿದ್ದ. ಅವನು ಹೋಗಿ ಹನ್ನೊಂದು ವರ್ಷವಾಯಿತು. ಬೆಳಗಿನಿಂದ ಸಂಜೆಯವರೆಗೆ ದಾಕ್ಷಾಯಿಣಿ ಆಧಾರ್ ಕಾರ್ಡು, ಪಹಣಿ, ಮಕ್ಕಳ ಅಂಕಪಟ್ಟಿಗಳ ಪ್ರತಿ ತೆಗೆಯುತ್ತಾಳೆ. ಗಿರಾಕಿ ಇಲ್ಲದಾಗ ಕಂಪ್ಯೂಟರಿನಲ್ಲಿ ವಿಮಾನ ನೋಡುತ್ತಾಳೆ. ಹೊರದೇಶದ ಯಾವುದೋ ವೆಬ್‌ಸೈಟಂತೆ. ಜಗತ್ತಿನ ವಿಮಾನದ ಹುಚ್ಚಿನವರೆಲ್ಲ ಅಲ್ಲಿಗೆ ಫೋಟೋ ಕಳಿಸುತ್ತಾರೆ. ಚಂದ್ರನ ಮುಂದೆ ಹಾದು ಹೋದ ವಿಮಾನ, ಸಿಡಿಲು ಬಡಿಯುತ್ತಿರುವ ವಿಮಾನ, ಒಂದರ ಮೇಲೊಂದು ಕುಳಿತಂತೆ ಕಾಣುವ ಎರಡು ವಿಮಾನ, ಇಂಥ ನಂಬಲಾಗದ ಚಿತ್ರಗಳೆಲ್ಲ ಕೊನೆಗೆ ಶಿರಸಿಯ ಗಲ್ಲಿಗೆ, ಇವಳ ಮುಂದೆ ಬರುತ್ತವೆ. ಇವಳು 'ಖರೆ' ಎನ್ನಬೇಕು, ಇಲ್ಲವೇ 'ತಿದ್ದಿದ್ದು' ಎನ್ನಬೇಕು. ಅಷ್ಟೇ ಕೆಲಸ. ಪಗಾರ ಇಲ್ಲ. ಆದರೆ ಅವಳು ಹೇಳಿದ ಮೇಲೆ ಅಮೆರಿಕದವನೂ ಸುಮ್ಮನಾಗುತ್ತಾನೆ, ಯಲ್ಲಾಪುರದವನೂ ಸುಮ್ಮನಾಗುತ್ತಾನೆ.

ಇನ್ನು ನನ್ನ ವಿಚಾರ. ಸಿದ್ದಾಪುರದಲ್ಲಿ ಮೂವತ್ತೈದು ವರ್ಷದಿಂದ ನನ್ನ ಸ್ಟುಡಿಯೋ ಇದೆ. ಕೋಲಸಿರ್ಸಿಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಫೋಟೋ ತೆಗೆಯುವವರು ನೂರು ಮಂದಿ ಸಿಗುತ್ತಾರೆ, ಫೋಟೋ ಕೂಡಿಸುವವನು ಈ ಮೂರು ತಾಲ್ಲೂಕಿಗೆ ನಾನೊಬ್ಬನೇ ಇದ್ದೆ. ಮೊದಲೆಲ್ಲ ಮನೆಯವರೆಲ್ಲ ಸೇರಿ ಫೋಟೋ ತೆಗೆಸಬೇಕು ಅನ್ನುವುದರೊಳಗೆ ಅಜ್ಜ ತೀರಿಕೊಂಡಿರುತ್ತಿದ್ದ. ಆಗ ಅಜ್ಜನ ಪಾಸ್‌ಪೋರ್ಟ್ ಫೋಟೋ ಹಿಡಿದು ನನ್ನ ಹತ್ತಿರ ಬರುತ್ತಿದ್ದರು. ನಾನು ಅಜ್ಜನಿಗೆ ಮೈ ಕೊಟ್ಟು, ಪಂಚೆ ಉಡಿಸಿ, ಮೊಮ್ಮಗನ ಪಕ್ಕ ಕುರ್ಚಿಯಲ್ಲಿ ಕೂರಿಸಿ ಕೊಡುತ್ತಿದ್ದೆ. ಮುಚ್ಚಿದ ಕಣ್ಣು ತೆರೆಸಿದ್ದೇನೆ, ಮುರಿದ ಹಲ್ಲು ಕಟ್ಟಿದ್ದೇನೆ. ಎಲ್ಲವೂ ಪೆನ್ಸಿಲು, ಬ್ಲೇಡು ಮತ್ತು ಕೈ. ಈಗಿನವರ ಹಾಗೆ ಗುಂಡಿ ಒತ್ತಿದ್ದಲ್ಲ!

ಅಂಥ ನನಗೆ ಇವಳನ್ನು ಕಂಡರೆ ಯಾಕೆ ಉರಿಯಬೇಕು? ಅದಕ್ಕೆ ಒಂದು ಫೋಟೋ ಕಾರಣ.

ತೊಂಬತ್ಮೂರನೇ ಇಸವಿ, ಅಕ್ಟೋಬರ್ ತಿಂಗಳು. ಜೋಗದ ನಮ್ಮ ಕಡೆಯ ದಂಡೆ, ಬಾಂಬೆ ಬಂಗಲೆಯ ಕೆಳಗಿನ ಬಂಡೆ. ಮಧ್ಯಾಹ್ನ ಇಳಿದ ಬಿಸಿಲು. ಎದೆಯ ಮುಂದೆ ಹಿಡಿದು, ತಲೆ ತಗ್ಗಿಸಿ ಮೇಲಿನಿಂದ ನೋಡುವ ಹಳೆ ಕ್ಯಾಮೆರಾದಲ್ಲಿ ನಾನು ಜಲಪಾತವನ್ನು ಹಿಡಿಯುತ್ತಿದ್ದಾಗ, ಆ ಕಣಿವೆಯೊಳಗೆ, ನನ್ನ ಕಣ್ಣಿಗಿಂತ ಕೆಳಗೆ, ನೀರಿನ ಮಂಜು ಸೀಳಿಕೊಂಡು ಒಂದು ಸಣ್ಣ ವಿಮಾನ ಹಾರಿ ಹೋಯಿತು. ಒಂದೇ ಒಂದು ಸಲ ಗುಂಡಿ ಒತ್ತಿದೆ. ಸಿಕ್ಕಿತು. ಅದು ಯಾರ ವಿಮಾನ, ಅಲ್ಲಿಗೆ ಯಾಕೆ ಬಂತು, ಇವತ್ತಿಗೂ ನನಗೆ ಗೊತ್ತಿಲ್ಲ. ಜೀವಮಾನದಲ್ಲಿ ನಾನು ತೆಗೆದ ಒಂದೇ ಒಂದು ದೊಡ್ಡ ಫೋಟೋ ಅದು.

ಮರುವರ್ಷ ಶಿರಸಿಯಲ್ಲಿ ಛಾಯಾಚಿತ್ರ ಸ್ಪರ್ಧೆ ಆಯಿತು. ತೀರ್ಪುಗಾರರು ಹೊರಗಿನವರು, ಆದರೂ ನನ್ನ ಕಸುಬು ಅವರ ಕಿವಿಗೆ ಬಿದ್ದಿತ್ತು. ನನ್ನ ಚಿತ್ರದ ಮುಂದೆ ನಿಂತು ನಕ್ಕರು. "ನೆರಳು ಬೆಳಕಿನ ಲೆಕ್ಕ ಕೂಡೋದಿಲ್ಲ. ಶಾಂತಾರಾಮ ಹೆಗಡೆಯವರು ಸತ್ತವರನ್ನೇ ಕುರ್ಚಿಯಲ್ಲಿ ಕೂರಿಸೋರು, ಜೋಗದಲ್ಲಿ ವಿಮಾನ ಹಾರಿಸೋದು ಏನು ಕಷ್ಟ?" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಒಬ್ಬರು ಕೇಳಿದರು, "ಆ ಹೊತ್ತಿಗೆ ಅಲ್ಲಿ ಬೇರೆ ಯಾರಾದರೂ ಇದ್ದರಾ?" ನಾನು ಯಾರೂ ಇರಲಿಲ್ಲ ಎಂದೆ. ಮೂರನೇ ಸಾಲಿನಲ್ಲಿ ಕುಳಿತಿದ್ದ ಅಂದಾನಪ್ಪ ಎದ್ದು ಬಂದ. ನನ್ನ ಚಿತ್ರದ ಬಲಗಡೆಯ ಕೆಳಮೂಲೆಯನ್ನು ಬಹಳ ಹೊತ್ತು ನೋಡಿದ. ನನ್ನ ಮುಖ ನೋಡಿದ. ಏನೂ ಹೇಳದೆ ಹೊರಗೆ ನಡೆದ. ಅವನಿಗೆ ಹೊಟ್ಟೆಕಿಚ್ಚು ಎಂದು ನಾನು ಎಲ್ಲರಿಗೂ ಹೇಳಿದೆ.

ಆ ದಿನದಿಂದ ನನ್ನ ಹೆಸರು 'ವಿಮಾನ ಅಂಟಿಸಿದ ಶಾಂತಾರಾಮ' ಎಂದಾಯಿತು. ಮದುವೆ ಮನೆಗೆ ಹೋದರೆ, "ಹೆಗಡೇರೆ, ನಮ್ಮ ಮಂಟಪದ ಮೇಲೊಂದು ವಿಮಾನ ಬಿಡಿ" ಅನ್ನುತ್ತಿದ್ದರು. ಚಿತ್ರವನ್ನೂ ನೆಗೆಟಿವನ್ನೂ ಟ್ರಂಕಿನ ತಳಕ್ಕೆ ಹಾಕಿದೆ. ಸುಳ್ಳು ಫೋಟೋ ಎಷ್ಟೋ ಮಾಡಿಕೊಟ್ಟೆ, ಎಲ್ಲವನ್ನೂ ಜನ ನಂಬಿ ಗೋಡೆಗೆ ಹಾಕಿ ಹಾರ ಹಾಕಿದರು. ಖರೆ ಫೋಟೋ ಒಂದೇ ತೆಗೆದೆ, ಅದನ್ನು ಒಬ್ಬನೂ ನಂಬಲಿಲ್ಲ.

ಹೀಗಿರುವಾಗ ಆ ಅಂದಾನಪ್ಪನ ಮಗಳು ಖರೆ-ಸುಳ್ಳು ಹೇಳುವ ನ್ಯಾಯಾಧೀಶೆಯಾಗಿ ಕುಳಿತರೆ ಹೇಗಾಗಬೇಡ?

ಅವಳ ಹೆಸರು ಮೇಲೆ ಬಂದಿದ್ದೇ ನನ್ನ ಅಂಗಡಿಯಲ್ಲಿ. ಏಳೆಂಟು ವರ್ಷದ ಹಿಂದೆ ನನ್ನ ತಂಗಿಯ ಮಗ ಸುಮಂತ ಹುಬ್ಬಳ್ಳಿಯಿಂದ ಮೊದಲ ಸಲ ವಿಮಾನ ಹತ್ತಿದ್ದ. ಕಿಟಕಿಯಿಂದ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ವಿಮಾನದ ರೆಕ್ಕೆಯ ಮುಂದಿನ ಫ್ಯಾನಿನ ಎಲೆಗಳು ಕುಡುಗೋಲಿನಂತೆ ಬಾಗಿದ್ದವು. ಎರಡು ಎಲೆಗಳಂತೂ ತುಂಡಾಗಿ ಗಾಳಿಯಲ್ಲಿ ತೇಲುತ್ತಿದ್ದವು. "ಯಾರೋ ಕತ್ತರಿಸಿ ಅಂಟಿಸಿದ್ದು, ಅದೂ ಕೆಟ್ಟ ಕೈ" ಎಂದೆ ನಾನು. ಇದು ತಾನೇ ತೆಗೆದದ್ದು ಎಂದು ಸುಮಂತ ಆಣೆ ಮಾಡಿದರೂ ಕೇಳಲಿಲ್ಲ. ಅವತ್ತು ದಾಕ್ಷಾಯಿಣಿ ಲ್ಯಾಮಿನೇಶನ್ ಹಾಳೆ ಕೇಳಲು ನನ್ನ ಅಂಗಡಿಗೆ ಬಂದಿದ್ದಳು. ಚಿತ್ರ ನೋಡಿ, "ಕಾಕಾ, ನಿಮ್ಮ ಟೇಬಲ್ ಫ್ಯಾನ್ ಹಚ್ರಿ" ಎಂದಳು. ತಿರುಗುವ ಫ್ಯಾನಿನ ಮುಂದೆ ತನ್ನ ಮೊಬೈಲು ಹಿಡಿದು ಒಂದು ಫೋಟೋ ತೆಗೆದಳು. ನನ್ನದೇ ಫ್ಯಾನು, ನನ್ನದೇ ಮೇಜು, ಎಲೆಗಳು ಮಾತ್ರ ಬಾಗಿ ತುಂಡಾಗಿ ತೇಲುತ್ತಿವೆ!

"ಮೊಬೈಲು ಒಮ್ಮೆಲೇ ನೋಡೂದಿಲ್ರಿ. ಸಾಲು ಸಾಲಾಗಿ ನೋಡ್ತೈತಿ. ಅದು ಒಂದು ಸಾಲು ನೋಡೂದ್ರಾಗ ಎಲಿ ಮುಂದ ಹೋಗಿರ್ತೈತಿ" ಎಂದಳು. ಸುಮಂತ ಚಪ್ಪಾಳೆ ತಟ್ಟಿದ. ನಾನು ಫ್ಯಾನು ಆರಿಸಿದೆ. ಸೆಖೆಯಲ್ಲೇ ಕುಳಿತೆ.

ಅಲ್ಲಿಂದ ಶುರುವಾಯಿತು. ಮೊದಲು ಪತ್ರಿಕೆಯ ವರದಿಗಾರರು ನನ್ನ ಹತ್ತಿರ ಫೋಟೋ ತಂದು ಕೇಳುತ್ತಿದ್ದರು. ಈಗ ಶಿರಸಿ ಬಸ್ಸು ಹತ್ತುತ್ತಾರೆ. ನಮ್ಮ ಕಡೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ನಾನು ನಾಲ್ಕು ಸಾಲು ಬರೆದರೆ ಕೆಳಗೆ ಯಾರೋ, "ದಾಕ್ಷಾಯಿಣಿ ಮೇಡಂ ಏನಂತಾರೆ?" ಎಂದು ಹಾಕುತ್ತಾರೆ. ಮೇಡಂ ಅಂತೆ! ಊಟಕ್ಕೆ ಕೂತರೂ ನಾನು ಫೋನು ಕೆಳಗಿಡುತ್ತಿರಲಿಲ್ಲ. ನನ್ನ ಹೆಂಡತಿ ಪರಿಮಳಾ ಬಡಿಸುತ್ತಾ, "ಊಟಕ್ಕೆ ಕೂತು ಫೋನು ಎಂತಕ್ಕೆ ನೋಡ್ತ್ರಿ? ಆ ದಾಕ್ಷಾಯಿಣಿ ಕೂಸಿನ ಕಂಡ್ರೆ ಎಂತಕ್ಕೆ ಇಷ್ಟು ಉರ್ಕತ್ರಿ? ಆ ಜೋಗದ ಫೋಟೋ ಒಂದ್ಸಲ ಆ ಕೂಸಿಗೇ ತೋರ್ಸಿ, ಮುಗ್ದೋತು" ಎಂದಳು.

ತೋರಿಸಬೇಕಂತೆ! ಅವಳು ಸುಳ್ಳು ಎಂದರೆ ನಾನು ಸತ್ತ ಹಾಗೆ. ಖರೆ ಎಂದರೆ ಇನ್ನೂ ಕಷ್ಟ. ನಾನು ಮೂವತ್ತು ವರ್ಷ ಗಂಟಲು ಹರಿದುಕೊಂಡು ಖರೆ ಎಂದಾಗ ನಂಬದ ಊರು, ಅವಳು ಒಂದು ನಿಮಿಷ ನೋಡಿ ಖರೆ ಎಂದರೆ ನಂಬುತ್ತದೆ. ನನ್ನ ಫೋಟೋ ಖರೆಯಾಗುವುದಕ್ಕೂ ಅವಳ ಅಪ್ಪಣೆ ಬೇಕೆ? ಆದರೂ ಆ ಒಂದು ಮಾತು ಕೇಳದೆ ಸಾಯಬಾರದು ಎಂಬ ಆಸೆ ಒಳಗೊಳಗೇ ಇತ್ತು. ಸುಳ್ಳು ಯಾಕೆ ಹೇಳಲಿ?

ಹೋದ ತಿಂಗಳು ಕಿರವತ್ತಿಯಿಂದ ಗುಂಪಿಗೆ ಒಂದು ಚಿತ್ರ ಬಂತು. ಹೆದ್ದಾರಿಯ ಢಾಬಾದ ಪಕ್ಕ, ಸಾಗವಾನಿ ಮರದ ಕೆಳಗೆ, ಒಂದು ಇಡೀ ವಿಮಾನ! ಕಿಟಕಿ ಸಾಲು, ಬಾಲ, ಎಲ್ಲ ಇದೆ. ಪಕ್ಕದಲ್ಲಿ ಒಂದು ಎಮ್ಮೆ ನಿಂತಿದೆ. ಕಳಿಸಿದವನು ಢಾಬಾದ ಸುಭಾಷ್. ಅವನ ಬಾಯಿ ಎಲ್ಲರಿಗೂ ಗೊತ್ತು. ಒಮ್ಮೆ ತನ್ನ ಢಾಬಾದಲ್ಲಿ ಹುಲಿ ಬಂದು ನೀರು ಕುಡಿದು ಹೋಯಿತು ಎಂದು ಸುದ್ದಿ ಹಬ್ಬಿಸಿದ ಆಸಾಮಿ ಅವನು. ನಾನು ಚಿತ್ರವನ್ನು ದೊಡ್ಡದು ಮಾಡಿಯೂ ನೋಡಲಿಲ್ಲ. ದಾಕ್ಷಾಯಿಣಿಗಿಂತ ಮೊದಲು ಹೇಳಬೇಕಿತ್ತು, ಅಷ್ಟೇ. "ಇದು ಜೋಡಣೆ. ಮೂವತ್ತೈದು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ" ಎಂದು ಹಾಕಿಬಿಟ್ಟೆ.

ಹತ್ತು ನಿಮಿಷಕ್ಕೆ ಅವಳ ದನಿ ಬಂತು. ಗುಂಪಿನಲ್ಲಿ ಅವಳು ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾಳೆ. "ಎಲ್ಲಾರೂ ಆ ಮರದ ನೆರಳ ನೋಡ್ರಿ. ರಸ್ತೆ ಮ್ಯಾಲ ನೇರ ಬಿದ್ದೈತಿ, ವಿಮಾನದ ಮೈ ಮ್ಯಾಲ ಬಂದಾಗ ಬಾಗೇತಿ. ಅಂಟಿಸೋರು ಇಷ್ಟು ತ್ರಾಸ ತಗೊಳ್ಳೂದಿಲ್ಲ. ರೆಕ್ಕಿ ಕಳಚಿ ತಾಡಪಾಲ ಕಟ್ಯಾರ. ಕೆಳಗಿನ ಲಾರಿ ಗಾಲಿ ಭಾರಕ್ಕ ಉಬ್ಬ್ಯಾವ. ಖರೇನ ಐತಿ. ಹಳೇ ವಿಮಾನ, ಎಲ್ಲಿಗೋ ಸಾಗಿಸ್ಲಿಕ್ಹತ್ಯಾರ." ಕೊನೆಗೆ ಮೆತ್ತಗೆ, "ಶಾಂತಾರಾಮ ಕಾಕಾ ಅವಸರದಾಗ ನೋಡಿರಬೇಕ್ರಿ" ಎಂದಳು.

ಆ ಕೊನೆಯ ಮಾತು! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮರ್ಯಾದೆ ಉಳಿಸಲು ಹೊರಟಿದ್ದಾಳೆ, ಅಂದಾನಪ್ಪನ ಮಗಳು!

"ಆನು ಕಿರವತ್ತಿಗೆ ಹೋಗ್ತೆ. ಕಣ್ಣಾರೆ ನೋಡ್ಕಂಡು ಬತ್ತೆ" ಎಂದೆ ಪರಿಮಳಾಗೆ. "ಹೋಗಿ, ಸುಳ್ಳೇ ಆಗ್ಲಿ ಹೇಳಿ ದೇವ್ರಿಗೆ ಹರಕೆ ಬೇರೆ ಹೊತ್ಗಳಿ" ಎಂದು ಅವಳು ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಸಿದ್ದಾಪುರ, ಶಿರಸಿ, ಯಲ್ಲಾಪುರ, ಮೂರು ಕಡೆ ಬಸ್ಸು ಬದಲಿಸಿ ಕಿರವತ್ತಿಯಲ್ಲಿ ಇಳಿದೆ. ಇಳಿಯುವ ಮೊದಲೇ ಕಂಡಿತು. ವಿಮಾನ! ಲಾರಿಯ ಆಕ್ಸಲ್ ಮುರಿದು ಮೂರು ದಿನದಿಂದ ಅಲ್ಲೇ ನಿಂತಿದೆಯಂತೆ. ಊರಿನ ಹೆಂಗಸರು ಅದರ ನೆರಳಿನಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು. ಹತ್ತಿರ ಹೋಗಿ ಮುಟ್ಟಿದೆ. ತಗಡು ಬಿಸಿಲಿಗೆ ಕಾದಿತ್ತು.

ಸುಭಾಷ್ ನನ್ನನ್ನು ಗುರುತು ಹಿಡಿದ. ನಗಲಿಲ್ಲ. ಚಹಾ ತಂದಿಟ್ಟು ಎದುರು ಕುಳಿತ. "ಸರ್, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಫೋಟೋ ನೋಡಿ ಸುಳ್ಳ ಅಂದ್ರೋ, ಕಳಿಸಿದಾವನ ಮಾರಿ ನೋಡಿ ಸುಳ್ಳ ಅಂದ್ರೋ?"

ಶಿರಸಿಯ ಆ ಸಭೆಯಲ್ಲಿ ತೀರ್ಪುಗಾರರಿಗೆ ನಾನು ಕೇಳಬೇಕೆಂದಿದ್ದ ಮಾತು ಅದೇ. ಮೂವತ್ತು ವರ್ಷ ನಾನು ಬೈದ ಆ ಮನುಷ್ಯರು ಮಾಡಿದ್ದನ್ನೇ ನಾನೂ ಮಾಡಿದ್ದೆ. ಚಹಾ ಪಕ್ಕಕ್ಕಿಟ್ಟೆ. ಅವನ ಕೈ ಹಿಡಿದು ತಪ್ಪಾಯಿತು ಎಂದೆ. ಅಲ್ಲಿಂದಲೇ ಗುಂಪಿಗೂ ತಪ್ಪಾಯಿತು, ವಿಮಾನ ಮುಟ್ಟಿ ನೋಡಿದೆ ಎಂದು ಬರೆದೆ.

ಮಾರನೇ ದಿನ ಟ್ರಂಕಿನ ತಳದಿಂದ ನೆಗೆಟಿವ್ ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಶಿರಸಿಗೆ ಹೋದೆ.

"ಬರ್ರಿ ಕಾಕಾ, ಕೂಡ್ರಿ" ಎಂದಳು ದಾಕ್ಷಾಯಿಣಿ. ಕಿರವತ್ತಿಯ ಸುದ್ದಿಯನ್ನೇ ಎತ್ತಲಿಲ್ಲ. ನಾನು ನೆಗೆಟಿವ್ ಮೇಜಿನ ಮೇಲಿಟ್ಟೆ. "ಇದು ಜೋಗದ್ದು. ಇದಕ್ಕೆ ಏನಂತಿ ಹೇಳು" ಎಂದೆ.

ಅವಳು ಅದನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದಳು. ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದು ಮಾಡಿದಳು. ಇಬ್ಬರು ಗಿರಾಕಿಗಳು ಬಂದರು, ಆಮೇಲೆ ಬರ್ರಿ ಎಂದು ಕಳಿಸಿದಳು.

"ವಿಮಾನ ಖರೆ ಐತ್ರಿ" ಎಂದಳು.

ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

"ಬಾಲದ ಮುಂದ ಮಂಜು ಬಂದೈತಿ, ಮೂಗಿನ ಮುಂದ ಇಲ್ಲ. ಅರ್ಧ ಮಂಜಿನ ಒಳಗ ಐತಿ. ಅಂಟಿಸಿದ ವಿಮಾನ ಮಂಜಿನ ಮ್ಯಾಲ ಕುಂದರ್ತೈತಿ, ಒಳಗ ಹೋಗೂದಿಲ್ಲ. ಎಂಥಾ ಫೋಟೋ ತಗದೀರಿ ಕಾಕಾ!" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ ಎಂದು ಬಿಟ್ಟೆ. ಅಷ್ಟರಲ್ಲಿ ಅವಳ ಬೆರಳು ಬಲಗಡೆಯ ಕೆಳಮೂಲೆಗೆ ಇಳಿಯಿತು.

"ಆದ್ರ ಇದನ್ನ ನಾ ಖರೆ ಅಂತ ಹಾಕೂದಿಲ್ರಿ. ತಿದ್ದಿದ್ದು ಅಂತ ಹಾಕಬೇಕಾಗ್ತೈತಿ. ಇಲ್ಲಿ ಪೆನ್ಸಿಲ್ ಗೀಟು ಅದಾವ. ಏನೋ ಮುಚ್ಚೀರಿ."

"ಅಲ್ಲ ಮಾರಾಯ್ತಿ, ವಿಮಾನ ಖರೆ ಅಂದಮೇಲೆ ಆ ಮೂಲೆ ತಗೊಂಡು ಏನು ಮಾಡ್ತಿ?" ಎಂದು ಕೂಗಿದೆ. "ಅಲ್ಲೊಂದು ಕಂಬ ಇತ್ತು. ಚಂದ ಕಾಣ್ತಿರಲಿಲ್ಲ, ತೆಗೆದೆ."

"ಕಂಬ ಅಲ್ರಿ. ಮೈ ಮುಚ್ಚೀರಿ, ನೆರಳ ಬಿಟ್ಟೀರಿ. ಬಂಡೆ ಮ್ಯಾಲ ನೋಡ್ರಿ, ನೆರಳಿಗೆ ಎರಡು ಕಾಲು ಅದಾವ, ಒಂದ್ ಕೈ ಐತಿ. ಯಾರಿದ್ರು ಕಾಕಾ?"

ತೀರ್ಪುಗಾರರಿಗೆ ಲೆಕ್ಕ ಕೂಡದೆ ಹೋದ ನೆರಳು ಅದು. ಅಷ್ಟು ವರ್ಷ ಕೂಡಿಸುವ ಕೆಲಸ ಮಾಡಿದ ನಾನು, ಆ ಒಂದು ದಿನ ಉರಿಯಲ್ಲಿ ಕುಳಿತು ಮಾಡಿದ್ದರಿಂದ ನೆರಳು ಮರೆತಿದ್ದೆ. ಈ ಮಾತನ್ನು ನಿಮಗೂ ಇಲ್ಲಿಯವರೆಗೆ ಹೇಳಲಿಲ್ಲ. ಹೇಳಲು ನಾಲಿಗೆ ಬರಲಿಲ್ಲ.

"ನಿನ್ನ ಅಪ್ಪ" ಎಂದೆ.

ಅವತ್ತು ಜೋಗಕ್ಕೆ ಇಬ್ಬರೂ ಹೋಗಿದ್ದೆವು. ಅಂದಾನಪ್ಪ ನನ್ನ ಮುಂದಿನ ಬಂಡೆಯ ಮೇಲಿದ್ದ. ಅವನ ರೀಲು ಮುಗಿದಿತ್ತು. ನಾನು ತಲೆ ತಗ್ಗಿಸಿ ಕ್ಯಾಮೆರಾದೊಳಗೆ ನೋಡುತ್ತಿದ್ದೆ. ಜಲಪಾತದ ಸದ್ದಿಗೆ ವಿಮಾನದ ಸದ್ದು ಕೇಳುವ ಹಾಗಿರಲಿಲ್ಲ. ವಿಮಾನವನ್ನು ಮೊದಲು ಕಂಡವನು ಅವನು. ನನ್ನ ಕಡೆ ತಿರುಗಿ ಕೂಗಿದ, ಕೂಗು ಕೇಳಿಸದೆಂದು ಕೈ ಬೀಸಿ ತೋರಿಸಿದ. ಕ್ಯಾಮೆರಾದ ಗಾಜಿನಲ್ಲಿ ಆ ಕೈ ಕಂಡು ತಲೆ ಎತ್ತಿದೆ, ಗುಂಡಿ ಒತ್ತಿದೆ. ಚಿತ್ರ ತೊಳೆದಾಗ ನೋಡುತ್ತೇನೆ, ಮೂಲೆಯಲ್ಲಿ ಇವನು ಕೈ ಚಾಚಿ ನಿಂತಿದ್ದಾನೆ. ನೋಡಿದವರೆಲ್ಲ ಏನನ್ನುತ್ತಾರೆ? ಅಂದಾನಪ್ಪ ತೋರಿಸಿದ, ಶಾಂತಾರಾಮ ಒತ್ತಿದ ಅನ್ನುತ್ತಾರೆ. ಅದು ನನಗೆ ಬೇಡವಾಗಿತ್ತು. ನೆಗೆಟಿವಿನ ಮೇಲೆ ಪೆನ್ಸಿಲು ಆಡಿಸಿದ ಜಾಗ ಚಿತ್ರದಲ್ಲಿ ಬೆಳ್ಳಗಾಗುತ್ತದೆ. ಚೂಪಾದ ಪೆನ್ಸಿಲು ತೆಗೆದುಕೊಂಡು ಅವನನ್ನು ಮಂಜು ಮಾಡಿಬಿಟ್ಟೆ. ನನ್ನ ಪರವಾಗಿ ಹೇಳಬಹುದಾಗಿದ್ದ ಒಬ್ಬನೇ ಒಬ್ಬ ಸಾಕ್ಷಿಯನ್ನು ನಾನೇ ಅಳಿಸಿ, ಸಭೆಯಲ್ಲಿ ಅವನ ಎದುರೇ ಯಾರೂ ಇರಲಿಲ್ಲ ಎಂದೆ.

ಇಷ್ಟನ್ನೂ ಹೇಳಿ ಬಾಗಿಲ ಕಡೆ ನೋಡಿದೆ. ಅವಳು ಹೊರಗೆ ಹಾಕುತ್ತಾಳೆ ಎಂದುಕೊಂಡೆ. ಅವಳು ಪರದೆಯನ್ನೇ ನೋಡುತ್ತಿದ್ದಳು.

"ಅಪ್ಪ ಹೇಳ್ತಿದ್ರು. ಜೋಗದಾಗ ವಿಮಾನ ಕಣ್ಣಿಗಿಂತ ಕೆಳಗ ಹಾರಿತ್ತು ಅಂತ. ನಾವು ಮಕ್ಕಳು ನಗ್ತಿದ್ವಿ. ನಾನೂ ನಕ್ಕೀನಿ. ಸಾಯೂ ಮುಂದೂ ಹೇಳಿದ್ರು. ನಿಮ್ಮ ಹೆಸರು ಮಾತ್ರ ಒಮ್ಮಿನೂ ಹೇಳಲಿಲ್ಲ" ಎಂದಳು. ಮತ್ತೆ, "ಎಲ್ಲಾರ ಫೋಟೋ ತಗದ್ರು. ಅವರು ಕ್ಯಾಮೆರಾ ಹಾಕ್ಕೊಂಡು ನಿಂತಿದ್ದು ಒಂದೂ ಫೋಟೋ ನಮ್ಮನ್ಯಾಗ ಇಲ್ರಿ" ಎಂದಳು.

"ಅವನ ಬೇರೆ ಯಾವುದಾದರೂ ಫೋಟೋ ಕೊಡು. ಇಲ್ಲೇ ಕೂಡಿಸಿ ಕೊಡ್ತೇನೆ. ಗುರುತೇ ಸಿಗಬಾರದು, ಹಾಗೆ" ಎಂದುಬಿಟ್ಟೆ. ಮೂವತ್ತೈದು ವರ್ಷದ ಬಾಯಿ, ಅದಕ್ಕೆ ಬೇರೆ ಮಾತು ಬರುವುದಿಲ್ಲ.

ಅವಳು ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ನೆನಪಾಯಿತು: ನಾನು ಬ್ಲೇಡು ಹಾಕಿರಲಿಲ್ಲ. ಬ್ಲೇಡಿನಿಂದ ಕೆರೆದಿದ್ದರೆ ಅವನು ಹೋಗಿಯೇ ಹೋಗುತ್ತಿದ್ದ. ಪೆನ್ಸಿಲು ಮೇಲಿನ ಧೂಳಷ್ಟೇ. ಅದರ ಕೆಳಗೆ ಅವನು ಹಾಗೇ ಇದ್ದಾನೆ.

"ಹತ್ತಿ ಇದ್ದಾ? ಟರ್ಪೆಂಟೈನ್ ಇದ್ದಾ?" ಎಂದೆ.

ಅವಳ ಅಪ್ಪನ ಕಾಲದ ಬಾಟಲಿಯಲ್ಲಿ ತಳದಷ್ಟು ಉಳಿದಿತ್ತು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅದ್ದಿ, ಹಿಂಡಿ, ಒಂದೊಂದೇ ಸಲ ಸವರಿದೆ. ಹೆಚ್ಚು ಒತ್ತಿದರೆ ಫಿಲ್ಮಿನ ಪದರವೇ ಎದ್ದು ಬರುತ್ತದೆ. ಇಷ್ಟು ಹುಷಾರಾಗಿ ನಾನು ಯಾರ ಅಜ್ಜನನ್ನೂ ಕೂರಿಸಿರಲಿಲ್ಲ. ಹತ್ತಿ ಕಪ್ಪಾಯಿತು, ಬೇರೆ ಹತ್ತಿ ಸುತ್ತಿದೆ. ಮುಗಿದಾಗ ನನ್ನ ಬೆನ್ನು ನೆಟ್ಟಗಾಗಲಿಲ್ಲ.

ಅವಳು ಮತ್ತೆ ಸ್ಕ್ಯಾನ್ ಮಾಡಿದಳು. ಪರದೆಯ ಮೇಲೆ ಮೂಲೆಯಿಂದ ಅಂದಾನಪ್ಪ ಬಂದ. ಎದೆಯ ಮೇಲೆ ಕ್ಯಾಮೆರಾ, ಬಾಯಿ ತೆರೆದು ಕೂಗುತ್ತಿದ್ದಾನೆ, ಬಲಗೈ ಪೂರ್ತಿ ಚಾಚಿ ವಿಮಾನ ತೋರಿಸುತ್ತಿದ್ದಾನೆ. ಮುಖದ ತುಂಬ ಖುಷಿ. ತನ್ನ ರೀಲು ಮುಗಿದ ದುಃಖ ಎಳ್ಳಷ್ಟೂ ಇರಲಿಲ್ಲ. ನನಗೆ ಸಿಗಲಿ ಎಂದೇ ಕೂಗುತ್ತಿದ್ದ. ಅವನಿಗೆ ಹೊಟ್ಟೆಕಿಚ್ಚು ಎಂದು ಊರೆಲ್ಲ ಹೇಳಿಕೊಂಡು ಬಂದವನು ನಾನು.

"ಅಪ್ಪ ಎಷ್ಟ್ ಸಣ್ಣಾವ ಇದ್ದಾನ. ಈಗಿನ ನನಗಿಂತ ಸಣ್ಣಾವ" ಎಂದಳು ದಾಕ್ಷಾಯಿಣಿ. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತನ್ನ ಕೆಲಸದ ದನಿಯಲ್ಲಿ, "ಈಗ ಖರೆ ಐತ್ರಿ. ಪೂರಾ ಖರೆ" ಎಂದಳು.

ಆ ಚಿತ್ರವನ್ನೂ ಈ ಬರಹದ ಜೊತೆಗೆ ಸಂಚಿಕೆಯಲ್ಲಿ ಹಾಕುತ್ತಾರೆ. ಆಗಲೇ ಗುಂಪಿನಲ್ಲೆಲ್ಲ ಓಡಾಡುತ್ತಿದೆ. ನೋಡಿದವರು ವಿಮಾನ ನೋಡಿ ಅಬ್ಬಾ ಎನ್ನುತ್ತಾರೆ, ಆಮೇಲೆ, "ಆ ಕೈ ತೋರ್ಸೋರು ಯಾರು, ಎಷ್ಟು ಚಂದ ಬಂದಾರೆ" ಎಂದು ಅವನನ್ನೇ ನೋಡುತ್ತಾರೆ. ನಾನು ತೆಗೆದ ಫೋಟೋದಲ್ಲಿ ನಾನು ಎಲ್ಲಿಯೂ ಇಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಚಿತ್ರದ ಕೆಳಗೆ ಏನು ಹಾಕಬೇಕು ಎಂದು ಶಶಾಂಕ ನಿನ್ನೆ ಕೇಳಿದ. ಹೇಳಿದರೆ ತಪ್ಪು ಹಾಕುತ್ತಾನೆ ಎಂದು ನಾನೇ ಚೀಟಿಯಲ್ಲಿ ಬರೆದು ಕೊಟ್ಟೆ: 'ಜೋಗ, ೧೯೯೩. ತೋರಿಸಿದವರು ಅಂದಾನಪ್ಪ. ತೆಗೆದವನು ಶಾಂತಾರಾಮ.' ಪೆನ್ಸಿಲಿನಲ್ಲಿ ಬರೆಯಲಿಲ್ಲ, ಪೆನ್ನಿನಲ್ಲೇ ಬರೆದೆ.